‘ಓಡಿಹೋದವನು’ ಎಂಬ ಹಣೆಪಟ್ಟಿ

2013ನೇ ಇಸವಿಯ ಆಗಸ್ಟ್ ತಿಂಗಳ ಮಾತು. ಅಂದು ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ವೃದ್ಧ ಕೃಷಿಕರೊಬ್ಬರು ದೈವಾಧೀನರಾದರು. ಅವರ ಹಿರಿಯ ಮಗ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿದ್ದ. ಗಲ್ಫಿನಲ್ಲಿರುವ ಮಕ್ಕಳಿಗಾಗಿ ಹೆತ್ತವರ ಪಾರ್ಥಿವ ಶರೀರವನ್ನು ಆಸ್ಪತ್ರೆಯ ಶೈತ್ಯಾಗಾರದಲ್ಲಿರಿಸಿ ಕಾಯುವುದು ನಮ್ಮ ಕರಾವಳಿಯಲ್ಲಿ ಹೊಸತೇನಲ್ಲ. ಈ ಮನೆಯವರೂ ಎರಡು ದಿನ ಕಾದರು. ಮೂರನೆಯ ದಿನ ಬೆಳಿಗ್ಗೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಆ ತಾಯಿ ಗುರುನಿವಾಸಕ್ಕೆ ಬಂದರು. "ಇನ್ನು ಕಾಯುವುದು ಬೇಡ ಫಾದರ್. ಅವನು ಬರುವ ಹಾಗಿಲ್ಲವಂತೆ. ಅವನ ಕಾಗದಪತ್ರ ಸರಿ ಇಲ್ಲವಂತೆ" ಎಂದರು. ಗಂಡನನ್ನು ಕಳೆದುಕೊಂಡ ದುಃಖಕ್ಕಿಂತಲೂ, ಮಗನ ಕಾಗದ ಸರಿಯಿಲ್ಲವೆಂದು ಗುರುಗಳ ಮುಂದೆ ಒಪ್ಪಿಕೊಳ್ಳಬೇಕಾಗಿ ಬಂದ ನಾಚಿಕೆಯೇ ಅವರ ಧ್ವನಿಯಲ್ಲಿ ಹೆಚ್ಚಾಗಿತ್ತು. ಅಂದು ಸಂಜೆ ಅಂತ್ಯಕ್ರಿಯೆ ನಡೆಯಿತು. ಮಗ ಹಾಕಬೇಕಾಗಿದ್ದ ಹಿಡಿ ಮಣ್ಣನ್ನು ಅಳಿಯ ಹಾಕಿದ.

ಆ ತರುಣ ಮಾಡಿದ ಅಪರಾಧವಾದರೂ ಏನು? ಆತ 2008ರಲ್ಲಿ ಮನೆಯೊಂದರ ವಾಹನ ಚಾಲಕನ ವೀಸಾ ಪಡೆದು ಸೌದಿಗೆ ತೆರಳಿದ್ದ. ವೀಸಾಕ್ಕೆ ಕೊಡಬೇಕಾದ ಹಣಕ್ಕಾಗಿ ಮನೆಯವರು ಸಹಕಾರಿ ಸಂಘದಲ್ಲಿ ಸಾಲ ಮಾಡಿದ್ದರು. ಅಲ್ಲಿ ಮೊದಲ ವರ್ಷ ಸಂಬಳ ಬಂತು. ಎರಡನೆಯ ವರ್ಷ ಮೂರು ತಿಂಗಳಿಗೊಮ್ಮೆ ಬಂತು. ಆ ಬಳಿಕ ನಿಂತುಹೋಯಿತು. ಪಾಸ್‌ಪೋರ್ಟ್ ಮಾಲಿಕನ ಕೈಯಲ್ಲಿತ್ತು. ಸಾಲದ ಕಂತು ಮಾತ್ರ ಊರಿನಲ್ಲಿ ತಪ್ಪದೆ ಬರುತ್ತಿತ್ತು. ಒಂದು ರಾತ್ರಿ ಆತ ಆ ಮನೆಯನ್ನು ಬಿಟ್ಟು ನಗರದ ಗ್ಯಾರೇಜೊಂದರಲ್ಲಿ ಕೆಲಸಕ್ಕೆ ಸೇರಿದ. ಆ ಕ್ಷಣದಿಂದ ಆತ ಆ ದೇಶದಲ್ಲಿ ಅಕ್ರಮ ನಿವಾಸಿ. ಹೊರಡುವ ಮುನ್ನಾದಿನ ಆಶೀರ್ವಾದ ಪಡೆಯಲು ಬಂದಿದ್ದಾಗ ನಾನು ಅವನೊಡನೆ ಕೇಳಿದ್ದು ‘ಸಂಬಳ ಎಷ್ಟು?’ ಎಂಬುದೊಂದನ್ನೇ. ವೀಸಾ ಯಾರದು, ಕರಾರುಪತ್ರ ಕೈಯಲ್ಲಿದೆಯೇ, ಸಾಲ ಎಷ್ಟು ಎಂದು ಕೇಳಬೇಕೆಂದು ನನಗೆ ಅಂದು ಹೊಳೆಯಲಿಲ್ಲ.

ಕೆಲಸ ಬಿಟ್ಟು ಹೋದ ಇಂಥವರ ಬಗ್ಗೆ ಮಾಲಿಕ ಅಧಿಕಾರಿಗಳಿಗೆ ನೀಡುವ ವರದಿಗೆ ಅಲ್ಲಿ ‘ಹುರೂಬ್’ ಎಂದು ಹೆಸರು. ಓಡಿಹೋಗುವುದು ಎಂಬುದು ಆ ಅರಬಿ ಪದದ ಅರ್ಥ. ಗಲ್ಫಿನಲ್ಲಿ ದುಡಿದು ಬಂದ ನಮ್ಮ ಜನರಿಗೆ ಈ ಪದದ ಪರಿಚಯ ಚೆನ್ನಾಗಿದೆ. ಮಾಲಿಕ ಸಂಬಳ ಕೊಟ್ಟಿದ್ದನೇ, ಊಟ ಕೊಟ್ಟಿದ್ದನೇ, ಕೈಮಾಡಿದ್ದನೇ ಎಂಬ ಪ್ರಶ್ನೆಗಳು ಆ ವರದಿಯಲ್ಲಿ ಏಳುವುದಿಲ್ಲ. ಹೋದವನ ವಿಷಯವಷ್ಟೇ ಅಲ್ಲಿ ದಾಖಲಾಗುತ್ತದೆ. ಆತ ಹೋಗುವಂತೆ ಮಾಡಿದವನ ವಿಷಯ ದಾಖಲಾಗುವುದಿಲ್ಲ. ಈ ಒಂದು ಪದದ ಕುರಿತು ಇಂದು ವಾಚಕರೊಡನೆ ಸ್ವಲ್ಪ ವಿಚಾರ ಮಾಡಬಯಸುತ್ತೇನೆ. ಏಕೆಂದರೆ ಹನ್ನೆರಡು ವರ್ಷಗಳ ಬಳಿಕ ಅದೇ ಪದ ಕನ್ನಡದಲ್ಲಿ, ನನ್ನದೇ ಇಗರ್ಜಿಯ ಅಂಗಳದಲ್ಲಿ ಕೇಳಿಬಂತು.

ನಿತಾಖತ್‌ನ ದಿನಗಳು

ಸೌದಿ ಸರಕಾರವು 2011ರಲ್ಲಿ ‘ನಿತಾಖತ್’ ಎಂಬ ಯೋಜನೆಯನ್ನು ಜಾರಿಗೆ ತಂದಿತು. ಖಾಸಗಿ ಸಂಸ್ಥೆಗಳಲ್ಲಿ ಸ್ವದೇಶೀಯರಿಗೆ ನಿಗದಿತ ಪ್ರಮಾಣದಲ್ಲಿ ಉದ್ಯೋಗ ದೊರೆಯಬೇಕೆಂಬುದು ಅದರ ಉದ್ದೇಶ. ಎಷ್ಟು ಮಂದಿ ಸೌದಿ ಪ್ರಜೆಗಳನ್ನು ನೇಮಿಸಿಕೊಂಡಿದೆ ಎಂಬುದನ್ನು ನೋಡಿ ಪ್ರತಿಯೊಂದು ಸಂಸ್ಥೆಯನ್ನು ಕೆಂಪು, ಹಳದಿ, ಹಸುರು ಮುಂತಾದ ವರ್ಗಗಳಲ್ಲಿ ಇರಿಸಲಾಯಿತು. ಕೆಂಪು ವರ್ಗಕ್ಕೆ ಸೇರಿದ ಸಂಸ್ಥೆಯ ವಿದೇಶೀ ನೌಕರರ ‘ಇಖಾಮಾ’ ಅಂದರೆ ವಾಸ್ತವ್ಯದ ಪರವಾನಿಗೆ ನವೀಕರಣವಾಗುವುದಿಲ್ಲ. ಹೀಗೆ ತನ್ನ ಮಾಲಿಕ ಸರಕಾರದ ನಿಯಮವನ್ನು ಪಾಲಿಸದೆ ಹೋದುದಕ್ಕಾಗಿ, ಅದರ ಗಂಧಗಾಳಿಯೂ ಇಲ್ಲದ ಕಾರ್ಮಿಕ ತನ್ನ ಕಾಗದಪತ್ರಗಳನ್ನು ಕಳೆದುಕೊಳ್ಳುವ ಸ್ಥಿತಿ ಒದಗಿತು. 2013ರ ಮಾರ್ಚ್ ತಿಂಗಳಲ್ಲಿ ಕಾನೂನಿಗೆ ತಿದ್ದುಪಡಿ ತರಲಾಯಿತು. ತನ್ನ ಪ್ರಾಯೋಜಕನಾದ ‘ಕಫೀಲ’ನ ಹೊರತು ಬೇರೆಯವರಲ್ಲಿ ದುಡಿಯುವವರನ್ನು ಹಿಡಿಯುವ ಕಾರ್ಯಾಚರಣೆ ಬೀದಿಬೀದಿಗಳಲ್ಲಿ ಆರಂಭವಾಯಿತು.

ಜನರಲ್ಲಿ ಉಂಟಾದ ಗಾಬರಿಯನ್ನು ಕಂಡು ದೊರೆ ಅಬ್ದುಲ್ಲಾ ಅವರು ಏಪ್ರಿಲ್ ತಿಂಗಳಲ್ಲಿ ಮೂರು ತಿಂಗಳ ಕಾಲಾವಕಾಶ ನೀಡಿದರು. ಜುಲೈ 3ಕ್ಕೆ ಮುಗಿಯಬೇಕಾಗಿದ್ದ ಆ ಅವಧಿ ಬಳಿಕ ನವೆಂಬರ್ 3ರ ತನಕ ವಿಸ್ತರಿಸಲ್ಪಟ್ಟಿತು. ಅಷ್ಟರೊಳಗೆ ಕಾಗದಪತ್ರ ಸರಿಪಡಿಸಿಕೊಳ್ಳಬೇಕು, ಇಲ್ಲವೇ ದೇಶ ಬಿಟ್ಟು ತೆರಳಬೇಕು. ಉಳಿದವರಿಗೆ ಎರಡು ವರ್ಷಗಳವರೆಗೆ ಸೆರೆಮನೆ, ಒಂದು ಲಕ್ಷ ರಿಯಾಲ್‌ಗಳವರೆಗೆ ದಂಡ. ಆ ಕಾಲದಲ್ಲಿ ಸೌದಿಯಲ್ಲಿ ಸುಮಾರು 28 ಲಕ್ಷ ಭಾರತೀಯರಿದ್ದರು. ಅವರಲ್ಲಿ ಬಹುಪಾಲು ಜನ ಕಾಗದಪತ್ರ ಸರಿಪಡಿಸಿಕೊಂಡು ಉಳಿದರು; 1 ಲಕ್ಷ 30 ಸಾವಿರಕ್ಕೂ ಮಿಕ್ಕಿದವರು ಮರಳಿದರು. ಪಾಸ್‌ಪೋರ್ಟ್ ಇಲ್ಲದವರಿಗೆ ಮೊದಲು ‘ಔಟ್‌ಪಾಸ್’ ಬೇಕು; ಅದಾದ ಬಳಿಕ ಬೆರಳಚ್ಚು, ಅನಂತರ ನಿರ್ಗಮನದ ಮುದ್ರೆ. ಒಂದೊಂದು ಮೆಟ್ಟಿಲಿನಲ್ಲಿಯೂ ದೀರ್ಘ ಸರದಿ. ತಂದೆಯ ಶವ ಊರಿನಲ್ಲಿ ಕಾಯುತ್ತಿದ್ದಾಗ ನಮ್ಮ ತರುಣ ಇಂಥ ಒಂದು ಸರದಿಯಲ್ಲಿ ನಿಂತಿದ್ದ.

ನವೆಂಬರ್ 4ರಿಂದ ಬಂಧನಗಳು ಪುನರಾರಂಭಗೊಂಡವು. ಅನೇಕ ಅಂಗಡಿಗಳು ಬಾಗಿಲು ತೆರೆಯಲಿಲ್ಲ, ಕಟ್ಟಡ ಕಾಮಗಾರಿಗಳು ನಿಂತುಹೋದವು. ರಿಯಾದಿನ ಮನ್‌ಫೂಹಾ ಎಂಬ ಬಡಾವಣೆಯಲ್ಲಿ ಇಥಿಯೋಪಿಯಾದ ವಲಸೆಗಾರರು ಹೆಚ್ಚಾಗಿದ್ದರು. ಅಲ್ಲಿ ಗಲಭೆಯಾಗಿ ಪ್ರಾಣಹಾನಿಯೂ ಸಂಭವಿಸಿತು. ಮುಂದಿನ ಕೆಲವೇ ತಿಂಗಳುಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಇಥಿಯೋಪಿಯನ್ನರನ್ನು ಅವರ ದೇಶಕ್ಕೆ ಮರಳಿ ಕಳುಹಿಸಲಾಯಿತು. ಅವರಲ್ಲಿ ಮನೆಗೆಲಸದ ಹೆಂಗಸರೂ ಬಹಳ ಮಂದಿ ಇದ್ದರು. ನಮ್ಮ ಪತ್ರಿಕೆಗಳಲ್ಲಿ ಅವರ ಸುದ್ದಿ ಅಷ್ಟಾಗಿ ಬರಲಿಲ್ಲ. ನಮ್ಮ ಕಣ್ಣು ನಮ್ಮವರ ಮೇಲಿತ್ತು. ಅದು ಮಾನವ ಸಹಜ.

ಕಾನೂನಿನ ಹಕ್ಕು, ಕಾನೂನಿನ ಮಿತಿ

ಸೌದಿ ಸರಕಾರವನ್ನು ದೂಷಿಸಿ ಕೈತೊಳೆದುಕೊಳ್ಳುವುದು ಈ ಲೇಖನದ ಉದ್ದೇಶವಲ್ಲ. ತನ್ನ ಗಡಿಯೊಳಗೆ ಯಾರು ಬರಬೇಕು, ಯಾರು ದುಡಿಯಬೇಕು ಎಂಬುದನ್ನು ನಿಯಮಿಸುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಇದೆ. ತನ್ನ ಯುವಕರು ನಿರುದ್ಯೋಗಿಗಳಾಗಿರುವಾಗ ಅವರಿಗೆ ಕೆಲಸ ಒದಗಿಸಲು ಯತ್ನಿಸುವುದು ಸರಕಾರದ ಕರ್ತವ್ಯವೂ ಹೌದು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಈ ಮಾತನ್ನು ಒಪ್ಪುತ್ತದೆ. ಸಂಪನ್ನ ರಾಷ್ಟ್ರಗಳು ತಮ್ಮ ಶಕ್ತ್ಯನುಸಾರ ಪರದೇಶಿಯನ್ನು ಬರಮಾಡಿಕೊಳ್ಳಬೇಕು. ಆದರೆ ಸರ್ವಜನ ಹಿತವನ್ನು ನೋಡಿ ಅಧಿಕಾರಿಗಳು ಅದಕ್ಕೆ ಷರತ್ತು ವಿಧಿಸಬಹುದು. ಬಂದವನೂ ಆ ದೇಶದ ಕಾನೂನಿಗೆ ವಿಧೇಯನಾಗಿರಬೇಕು ಎಂಬುದು ಅಲ್ಲಿಯ ಉಪದೇಶ. ಆದ್ದರಿಂದ ಕಾನೂನು ಬೇಕೇ ಬೇಡವೇ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಎಂಥ ಕಾನೂನು ಮತ್ತು ಅದು ಯಾರ ಮೇಲೆ ಎರಗುತ್ತದೆ ಎಂಬುದೇ ಪ್ರಶ್ನೆ.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಕಲಿಯುತ್ತಿದ್ದಾಗ ಸಂತ ತೋಮಸ್ ಅಕ್ವಿನಾಸರ ಕಾನೂನಿನ ವ್ಯಾಖ್ಯೆಯನ್ನು ನಮಗೆ ಬಾಯಿಪಾಠ ಮಾಡಿಸಲಾಗಿತ್ತು. ಅದರಲ್ಲಿ ನಾಲ್ಕು ಅಂಶಗಳಿವೆ. ಕಾನೂನು ವಿವೇಕದ ವಿಧಿಯಾಗಿರಬೇಕು. ಸರ್ವಜನ ಹಿತಕ್ಕಾಗಿ ಇರಬೇಕು. ಸಮುದಾಯದ ಪಾಲನೆಯ ಹೊಣೆ ಹೊತ್ತವನಿಂದ ಬಂದಿರಬೇಕು. ಎಲ್ಲರಿಗೂ ತಿಳಿಯುವಂತೆ ಪ್ರಕಟವಾಗಿರಬೇಕು. ಅದೇ ಸಂತರು ಇನ್ನೊಂದು ಮಾತನ್ನೂ ತಿಳಿಸಿದ್ದಾರೆ. ಶಾಸನ ಮಾಡುವವನು ಸಾಮಾನ್ಯವಾಗಿ ನಡೆಯುವುದನ್ನು ನೋಡಿ ಶಾಸನ ಮಾಡುತ್ತಾನೆ. ಆದರೆ ಬದುಕಿನಲ್ಲಿ ಆತನ ಊಹೆಗೆ ಬಾರದ ಪ್ರಸಂಗಗಳು ಒದಗುತ್ತವೆ. ಅಲ್ಲಿ ಅಕ್ಷರಕ್ಕೆ ಜೋತುಬಿದ್ದರೆ ಕಾನೂನಿನ ಉದ್ದೇಶವೇ ಕೆಡುತ್ತದೆ. ಇಂಥಲ್ಲಿ ಬೇಕಾಗುವ ಸದ್ಗುಣವನ್ನು ಅವರು ನ್ಯಾಯದ ಉನ್ನತ ಅಂಗವೆಂದೇ ಪರಿಗಣಿಸಿದರು. ನಮ್ಮ ಹಳ್ಳಿಯ ಹಿರಿಯರು ‘ಸಂದರ್ಭ ನೋಡಿ ತೀರ್ಪು ಹೇಳು’ ಎಂದು ಹೇಳುತ್ತಿದ್ದುದೂ ಇದನ್ನೇ. ತಂದೆಯ ಶವ ಕಾಯುತ್ತಿರುವವನಿಗೂ ಕಳ್ಳಸಾಗಣೆಗಾರನಿಗೂ ಒಂದೇ ಸರದಿ ಎನ್ನುವ ಕಾನೂನಿನಲ್ಲಿ ಅಕ್ಷರವಿರಬಹುದು, ವಿವೇಕವಿಲ್ಲ.

ಅಕ್ರಮ ಕಾರ್ಮಿಕ ಹೇಗೆ ಸೃಷ್ಟಿಯಾಗುತ್ತಾನೆ ಎಂಬುದನ್ನು ನೋಡೋಣ. ‘ಫ್ರೀ ವೀಸಾ’ ಅಥವಾ ‘ಆಜಾದ್ ವೀಸಾ’ ಎಂಬ ಮಾತು ಕರಾವಳಿಯ ಮನೆಮನೆಯಲ್ಲಿ ಬಳಕೆಯಲ್ಲಿದೆ. ಆ ಹೆಸರಿನ ವೀಸಾ ಯಾವ ದೇಶದ ಕಾನೂನಿನಲ್ಲಿಯೂ ಇಲ್ಲ. ತನಗೆ ಕೆಲಸಗಾರ ಬೇಕಿಲ್ಲದಿದ್ದರೂ ಒಬ್ಬ ಕಫೀಲ ತನ್ನ ಹೆಸರಿನಲ್ಲಿ ವೀಸಾ ಪಡೆದು ಮಾರುತ್ತಾನೆ. ಮಧ್ಯವರ್ತಿ ಅದಕ್ಕೆ ತನ್ನ ಲಾಭ ಸೇರಿಸಿ ನಮ್ಮ ಹುಡುಗನಿಗೆ ಮಾರುತ್ತಾನೆ. ಹುಡುಗ ಅಲ್ಲಿಗೆ ಹೋಗಿ ಬೇರೆಲ್ಲೋ ಕೆಲಸ ಹುಡುಕಿಕೊಳ್ಳುತ್ತಾನೆ ಮತ್ತು ಕಫೀಲನಿಗೆ ಕಾಲಕಾಲಕ್ಕೆ ಕಾಣಿಕೆ ಸಲ್ಲಿಸುತ್ತಾನೆ. ಕೆಲಸ ಕೊಟ್ಟವನಿಗೆ ಕಡಿಮೆ ಸಂಬಳದ ಆಳು ಸಿಕ್ಕಿದ ಲಾಭ. ಹೀಗೆ ವೀಸಾ ಮಾರಿದವನು, ದಲ್ಲಾಳಿ, ಕೆಲಸ ಕೊಟ್ಟವನು, ದುಡಿದವನು ಎಂದು ನಾಲ್ವರು ಈ ವ್ಯವಹಾರದಲ್ಲಿದ್ದಾರೆ. ಮೊದಲ ಮೂವರು ಹಣ ಮಾಡುತ್ತಾರೆ. ಪೊಲೀಸರು ಬಂದಾಗ ಬೀದಿಯಲ್ಲಿ ಸಿಕ್ಕಿಬೀಳುವವನು ನಾಲ್ಕನೆಯವನು. ಕಾನೂನಿನಲ್ಲಿ ಮಾಲಿಕನಿಗೂ ದಂಡವಿದೆ ಎಂಬುದು ನಿಜ. ಆದರೆ ಔಟ್‌ಪಾಸಿನ ಸರದಿಯಲ್ಲಿ ಕಫೀಲನು ನಿಂತುದನ್ನು ಯಾರೂ ಕಂಡಿಲ್ಲ.

ಇದು ಒಂದು ದೇಶದ, ಒಂದು ವರ್ಷದ ಕಥೆಯೂ ಅಲ್ಲ. ಸಂಯುಕ್ತ ಅರಬ್ ಸಂಸ್ಥಾನವು 1996, 2007, 2018 ಮತ್ತು 2024ರಲ್ಲಿ ಅಕ್ರಮ ನಿವಾಸಿಗಳಿಗೆ ಕ್ಷಮಾದಾನ ಘೋಷಿಸಿತು. ಕುವೈತ್ 2018, 2020 ಮತ್ತು 2024ರಲ್ಲಿ ಘೋಷಿಸಿತು. ಸೌದಿ 2017ರಲ್ಲಿ ಮತ್ತೊಮ್ಮೆ ಘೋಷಿಸಿತು. ಒಂದು ಮನೆಯ ಮಾಡು ಕೆಲವು ವರ್ಷಗಳಿಗೊಮ್ಮೆ ಅದೇ ಜಾಗದಲ್ಲಿ ಸೋರುತ್ತಿದ್ದರೆ ಮಳೆಯನ್ನು ಬೈಯುವುದರಲ್ಲಿ ಅರ್ಥವಿಲ್ಲ, ಮಾಡನ್ನು ನೋಡಬೇಕು. ಒಬ್ಬ ವ್ಯಕ್ತಿಯ ವಾಸ್ತವ್ಯವನ್ನು ಇನ್ನೊಬ್ಬ ವ್ಯಕ್ತಿಯ ಮರ್ಜಿಗೆ ಕಟ್ಟಿಹಾಕುವ ಪ್ರಾಯೋಜಕತ್ವ ಪದ್ಧತಿಯೇ ಆ ಸೋರುವ ಮಾಡು. ಕ್ಷಮಾದಾನ ಎಂಬ ಪದವೂ ವಿಚಾರಾರ್ಹ. ಸಂಬಳ ಸಿಗದೆ ಹೊರಟುಹೋದವನನ್ನು ಸರಕಾರ ಕ್ಷಮಿಸುತ್ತದೆ. ಸಂಬಳ ಕೊಡದವನನ್ನು ಕ್ಷಮಿಸಬೇಕಾದವನು ಯಾರು?

ನ್ಯಾಯವಾಗಿ ಹೇಳುವುದಾದರೆ ಕೆಲವು ಸುಧಾರಣೆಗಳೂ ಆಗಿವೆ. ಕತಾರ್ 2018ರಿಂದ 2020ರ ನಡುವೆ ನಿರ್ಗಮನ ಪರವಾನಿಗೆಯ ನಿಯಮವನ್ನು ಬಹುಮಟ್ಟಿಗೆ ತೆಗೆದುಹಾಕಿ, ಮಾಲಿಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಾಯಿಸಲು ಅವಕಾಶ ನೀಡಿತು. ಸೌದಿಯೂ 2021ರ ಮಾರ್ಚ್ ತಿಂಗಳಲ್ಲಿ ಇಂಥ ಸುಧಾರಣೆಯನ್ನು ಜಾರಿಗೆ ತಂದಿತು. ಆದರೆ ಮನೆಗೆಲಸದವರನ್ನು, ಮನೆಯ ವಾಹನ ಚಾಲಕರನ್ನು, ತೋಟದ ಮಾಲಿಗಳನ್ನು ಅದರಿಂದ ಹೊರಗಿಡಲಾಯಿತು. ಅಂದರೆ ನಾನು ಹೇಳಿದ ಆ ತರುಣನಂಥವರಿಗೆ ಅದು ಅನ್ವಯಿಸಲಿಲ್ಲ. ನಾಲ್ಕು ಗೋಡೆಗಳ ಒಳಗೆ ದುಡಿಯುವವರಿಗೆ ರಕ್ಷಣೆ ಎಲ್ಲಕ್ಕಿಂತ ಹೆಚ್ಚು ಬೇಕು. ಅದು ಎಲ್ಲರಿಗಿಂತ ತಡವಾಗಿ ಸಿಗುವುದೂ ಅವರಿಗೇ.

ಮರಳಿ ಬಂದವರ ಪಾಡೇನು? ನಮ್ಮಲ್ಲಿ ಗಲ್ಫಿನಿಂದ ಬಂದವನಿಗೆ ಒಂದು ಮರ್ಯಾದೆಯಿದೆ. ಬರಿಗೈಯಲ್ಲಿ ಬಂದವನಿಗೆ ಅದಿಲ್ಲ. ಅರ್ಧಕ್ಕೆ ನಿಂತ ಮನೆಯ ಗೋಡೆ ದಾರಿಹೋಕರಿಗೆಲ್ಲ ಕಾಣುತ್ತದೆ. ತಂಗಿಯ ನರ್ಸಿಂಗ್ ಶಿಕ್ಷಣದ ಶುಲ್ಕ ಬಾಕಿ. ಒತ್ತೆಯಿಟ್ಟ ಕರಿಮಣಿ ಬ್ಯಾಂಕಿನಲ್ಲಿ. ‘ಅಲ್ಲಿ ಏನು ಮಾಡಿದ್ದನೋ’ ಎಂಬ ಪಿಸುಮಾತು ಹಬ್ಬದ ದಿನ ಇಗರ್ಜಿಯ ಮೆಟ್ಟಿಲಲ್ಲಿಯೂ ಕೇಳುತ್ತದೆ. ಇಂಥ ಮನೆಗಳಿಗೆ ಭೇಟಿ ನೀಡಿದಾಗ ನಾನು ಕಂಡುದೇನೆಂದರೆ, ಹೆಂಗಸರು ಸಾಲದ ಬಗ್ಗೆ ಮಾತನಾಡುತ್ತಾರೆ, ಗಂಡಸರು ಮಾತನಾಡುವುದೇ ಇಲ್ಲ. ಕೆಲವರು ಕುಡಿತಕ್ಕೆ ಬಿದ್ದರು. ಕೆಲವರು ಮತ್ತೆ ಸಾಲ ಮಾಡಿ ಇನ್ನೊಂದು ದೇಶದ ಇನ್ನೊಂದು ‘ಫ್ರೀ ವೀಸಾ’ ಕೊಂಡರು. ಅಂಕಿ ಅಂಶಗಳಲ್ಲಿ ಇವರೆಲ್ಲರೂ ಸುರಕ್ಷಿತವಾಗಿ ಮರಳಿದವರು.

ದಾಖಲೆರಹಿತ ವಲಸೆಗಾರರ ವಿಷಯ ಧರ್ಮಸಭೆಗೆ ಹೊಸತಲ್ಲ. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1996ರ ವಲಸೆಗಾರರ ದಿನಕ್ಕಾಗಿ 1995ರಲ್ಲಿ ಹೊರಡಿಸಿದ ಸಂದೇಶದ ವಿಷಯವೇ ಇದು. ಕಾನೂನಿನ ದೃಷ್ಟಿಯಲ್ಲಿ ಸ್ಥಾನವಿಲ್ಲದವನಿಗೂ ಮಾನವ ಘನತೆ ಇದ್ದೇ ಇದೆ ಎಂಬುದು ಅದರ ಸಾರ. ಜಗದ್ಗುರು ಫ್ರಾನ್ಸಿಸ್ ಅವರು ತಮ್ಮ ಅಧಿಕಾರಾವಧಿಯ ಮೊದಲ ಪ್ರವಾಸಕ್ಕೆ ಆರಿಸಿಕೊಂಡ ಸ್ಥಳ, ವಲಸೆಗಾರರು ಕಡಲುಪಾಲಾಗುತ್ತಿದ್ದ ಲಾಂಪೆದೂಸಾ ದ್ವೀಪ. ಅದು 2013ರ ಜುಲೈ 8, ಸೌದಿಯ ಮೊದಲ ಗಡುವು ಮುಗಿದ ಐದನೆಯ ದಿನ. ಹಳೆಯ ಒಡಂಬಡಿಕೆಯಲ್ಲಿ ಕೂಲಿಯವನ ಕೂಲಿಯನ್ನು ಸೂರ್ಯಾಸ್ತಕ್ಕೆ ಮೊದಲೇ ಕೊಟ್ಟುಬಿಡಬೇಕೆಂಬ ಆಜ್ಞೆಯಿದೆ. ಆ ಆಜ್ಞೆ ಸ್ವದೇಶೀಯನಿಗೆ ಹೇಗೋ ಊರಿನಲ್ಲಿರುವ ಪರದೇಶಿಗೂ ಹಾಗೆಯೇ ಅನ್ವಯಿಸುತ್ತದೆಂದು ಅಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಕೂಲಿ ಕೊಡುವ ಮೊದಲು ಕೂಲಿಯವನ ಕಾಗದ ನೋಡಬೇಕೆಂಬ ಷರತ್ತು ಅಲ್ಲಿಲ್ಲ.

ನಮ್ಮ ಅಂಗಳದಲ್ಲೇ

ಇಷ್ಟನ್ನು ನಾನು ಪ್ರವಚನದಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಹೇಳುವುದು ಸುಲಭ, ತಪ್ಪು ಮಾಡಿದವರು ಸಮುದ್ರದ ಆಚೆ ಇದ್ದಾರೆ. 2025ರಲ್ಲಿ ನಾನು ಈಗಿರುವ ಧರ್ಮಕೇಂದ್ರದಲ್ಲಿ ಸಭಾಭವನದ ನಿರ್ಮಾಣ ನಡೆಯುತ್ತಿತ್ತು. ಕಂತ್ರಾಟುದಾರರು ಕರೆತಂದ ಕೆಲಸಗಾರರಲ್ಲಿ ಪಶ್ಚಿಮ ಬಂಗಾಳದ ಏಳೆಂಟು ಹುಡುಗರಿದ್ದರು. ಸೆಂಟ್ರಿಂಗ್ ಕೆಲಸದಲ್ಲಿ ನಿಪುಣರು. ಅವರು ತಗಡಿನ ಶೆಡ್ಡಿನಲ್ಲಿ ವಾಸವಾಗಿದ್ದರು. ಪ್ರತಿ ದಿನ ಬೆಳಗಿನ ಬಲಿಪೂಜೆ ಮುಗಿಸಿ ಬರುವಾಗ ಅವರು ನನಗೆ ನಮಸ್ಕಾರ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಒಬ್ಬನ ಹೆಸರೂ ನನಗೆ ತಿಳಿದಿರಲಿಲ್ಲ. ಆ ವರ್ಷದ ಜುಲೈ ತಿಂಗಳಲ್ಲಿ ದಿಲ್ಲಿಯ ಸಮೀಪದ ಗುರುಗ್ರಾಮದಲ್ಲಿ ಬಂಗಾಳಿ ಮಾತನಾಡುವ ಕಾರ್ಮಿಕರನ್ನು ಬಾಂಗ್ಲಾದೇಶೀಯರೆಂಬ ಶಂಕೆಯಿಂದ ಹಿಡಿದಿರಿಸಿದರು. ಅವರಲ್ಲಿ ಅನೇಕರು ಭಾರತೀಯ ಪ್ರಜೆಗಳೇ ಆಗಿದ್ದರು. ಭಯದಿಂದ ನೂರಾರು ಕುಟುಂಬಗಳು ಅಲ್ಲಿಂದ ಊರಿಗೆ ಹೊರಟವು. ಆ ಸುದ್ದಿ ಮೊಬೈಲ್ ಫೋನುಗಳ ಮೂಲಕ ನಮ್ಮ ಶೆಡ್ಡಿಗೂ ತಲುಪಿತ್ತು.

ಒಂದು ಮಧ್ಯಾಹ್ನ ಠಾಣೆಯಿಂದ ಇಬ್ಬರು ಬಂದು ಹೊರರಾಜ್ಯದ ಕೆಲಸಗಾರರ ದಾಖಲೆಗಳ ಪ್ರತಿಯನ್ನು ಕೇಳಿದರು. ಅವರು ಸೌಜನ್ಯದಿಂದಲೇ ವರ್ತಿಸಿದರು, ಯಾರನ್ನೂ ಗದರಿಸಲಿಲ್ಲ. ಹುಡುಗರೆಲ್ಲರೂ ಆಧಾರ್ ಚೀಟಿ ತೋರಿಸಿದರು. ಆದರೂ ಮರುದಿನ ಬೆಳಿಗ್ಗೆ ಅವರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಒಬ್ಬ ಇರಲಿಲ್ಲ. ಒಂದು ಜೊತೆ ಚಪ್ಪಲಿಯನ್ನೂ ಎರಡು ವಾರಗಳ ಕೂಲಿಯನ್ನೂ ಬಿಟ್ಟು ರಾತ್ರಿಯ ರೈಲು ಹತ್ತಿದ್ದ. ಆತನ ಕಾಗದಪತ್ರ ಸರಿಯಾಗಿಯೇ ಇತ್ತು. ಆದರೆ ಸರಿಯಾದ ಕಾಗದ ತನ್ನನ್ನು ಕಾಪಾಡುತ್ತದೆಂಬ ನಂಬಿಕೆ ಆತನಿಗಿರಲಿಲ್ಲ. ಆ ಶನಿವಾರ ಕೂಲಿ ಬಟವಾಡೆಯ ಹೊತ್ತಿಗೆ ನಾನು ಅವನ ಪಾಲಿನ ವಿಷಯ ಕೇಳಿದೆ. ಕಂತ್ರಾಟುದಾರರು ಕೆಟ್ಟವರಲ್ಲ, ನಮ್ಮವರೇ, ಪ್ರತಿ ಭಾನುವಾರ ಪೂಜೆಗೆ ಬರುವವರು. ಅವರು ಸಹಜವಾಗಿಯೇ ಹೇಳಿದರು: "ಅವನು ಓಡಿಹೋದನಲ್ಲ ಫಾದರ್. ಓಡಿಹೋದವನಿಗೆ ಯಾವ ಲೆಕ್ಕ?"

ನಾನು ಒಂದು ಕ್ಷಣ ಮಾತನಾಡಲಿಲ್ಲ. 2013ರ ಆ ಮಳೆಯ ದಿನ ನನಗೆ ನೆನಪಾಯಿತು. ಹುರೂಬ್ ಎಂಬ ಪದದ ಕನ್ನಡ ಅನುವಾದ ನನ್ನ ಎದುರಿಗೇ ನಿಂತಿತ್ತು, ಅದೂ ಇಗರ್ಜಿಯ ಶಿಲುಬೆಯ ಕೆಳಗೆ. ಕಂತ್ರಾಟುದಾರನು ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲಿಕನೇ ಅದನ್ನು ಕೊಡಬೇಕೆಂಬ ತತ್ತ್ವ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಲ್ಲಿಯೇ ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯಲ್ಲಿಯೂ ಇತ್ತು. ಅವುಗಳ ಸ್ಥಾನದಲ್ಲಿ ಬಂದ 2020ರ ಸಂಹಿತೆಯಲ್ಲಿಯೂ ಇದೆ. ಸಭಾಭವನದ ಮೂಲ ಮಾಲಿಕ ಯಾರು? ಧರ್ಮಕೇಂದ್ರದ ಹೆಸರಿನಲ್ಲಿ ಕರಾರಿಗೆ ಸಹಿ ಹಾಕಿದವನು ನಾನೇ. ಕಫೀಲನನ್ನು ಹುಡುಕಿಕೊಂಡು ನಾನು ರಿಯಾದಿನವರೆಗೆ ಹೋಗಬೇಕಾಗಿರಲಿಲ್ಲ.

ನಮ್ಮ ರಾಜ್ಯದ್ದೇ ಇನ್ನೊಂದು ಪ್ರಸಂಗವನ್ನು ನೆನೆಯಬೇಕು. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶೀಯರದೆಂದು ಹೇಳಿ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಬಳಿಕ ನೋಡಿದರೆ ಅಲ್ಲಿದ್ದವರಲ್ಲಿ ಅಸ್ಸಾಮಿನವರೂ ಬಂಗಾಳದವರೂ ಇದ್ದರು, ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ರಾಜ್ಯದ ಉಚ್ಚ ನ್ಯಾಯಾಲಯವು ಆ ಕ್ರಮ ಕಾನೂನುಬಾಹಿರವೆಂದು ಕಂಡು ಪುನರ್ವಸತಿಗೆ ಆದೇಶಿಸಿತು. ಅಕ್ರಮವನ್ನು ತೆಗೆಯಲು ಹೊರಟ ಕೈಯೇ ಅಕ್ರಮವೆಸಗಿತ್ತು. ವಿಚಾರಣೆಗೆ ಮುಂಚೆಯೇ ಶಿಕ್ಷೆ ನಡೆದರೆ ಹೀಗಲ್ಲದೆ ಇನ್ನೇನಾದೀತು? ಅಲ್ಲಿದ್ದವರೆಲ್ಲರೂ ನಿಜವಾಗಿಯೇ ಹೊರದೇಶದವರಾಗಿದ್ದರೂ ಜನವರಿಯ ಚಳಿಯಲ್ಲಿ ಮಗುವಿನ ತಲೆಯ ಮೇಲಿನ ಸೂರನ್ನು ಕೀಳುವುದು ನ್ಯಾಯವಾಗುತ್ತಿರಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ದಾರಿಯುದ್ದಕ್ಕೂ ಅವರ ಕೈಗಳಿಗೆ ಕೋಳ, ಕಾಲುಗಳಿಗೆ ಸರಪಳಿ. ಸಂಸತ್ತಿನಲ್ಲಿ ಪ್ರತಿಭಟನೆ ನಡೆಯಿತು, ದೇಶವೇ ನೊಂದುಕೊಂಡಿತು. ನೊಂದುಕೊಂಡದ್ದು ಸರಿಯೇ ಆಗಿತ್ತು. ಅವರು ಆ ದೇಶದ ಕಾನೂನು ಮುರಿದಿರಲಿಲ್ಲವೆಂದು ಯಾರೂ ವಾದಿಸಲಿಲ್ಲ. ಮುರಿದಿದ್ದರೂ ಮನುಷ್ಯರನ್ನು ಹೀಗೆ ನಡೆಸಿಕೊಳ್ಳಬಾರದು ಎಂದೇ ಎಲ್ಲರೂ ಹೇಳಿದರು. ಈ ವಾಕ್ಯವನ್ನು ಅಮೃತಸರಕ್ಕೆ ಮಾತ್ರ ಅನ್ವಯಿಸಿ ಕರಿಯಮ್ಮನ ಅಗ್ರಹಾರಕ್ಕೆ ಅನ್ವಯಿಸದೆ ಬಿಟ್ಟರೆ ಅದು ತತ್ತ್ವವೆನಿಸದು, ಬರಿಯ ಸ್ವಜನ ಪಕ್ಷಪಾತವೆನಿಸುತ್ತದೆ.

ಕರಾವಳಿಯ ಕ್ರೈಸ್ತರಾದ ನಾವು ಇದನ್ನು ಮರೆಯಲು ಎಲ್ಲರಿಗಿಂತ ಕಡಿಮೆ ಅರ್ಹರು. ನಮ್ಮ ಪೂರ್ವಜರಲ್ಲಿ ಬಹುಪಾಲು ಜನ ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಗೋವೆಯಿಂದ ದೋಣಿಯಲ್ಲಿಯೂ ಕಾಲ್ನಡಿಗೆಯಲ್ಲಿಯೂ ಬಂದವರು. ಬರಗಾಲ, ಯುದ್ಧ, ತೆರಿಗೆ, ಧರ್ಮವಿಚಾರಣೆಯ ಭಯ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಕೆಳದಿಯ ಅರಸರು ಅವರ ಕೃಷಿ ಕೌಶಲವನ್ನು ಕಂಡು ನೆಲ ಕೊಟ್ಟರು. ಮುಂದೆ ಆ ನೆಲ ಸಾಲದೆ ಹೋದಾಗ ಕರಾವಳಿಯ ಎಲ್ಲ ಜಾತಿ ಮತಗಳ ಮಕ್ಕಳು ಮುಂಬಯಿಗೆ ಹೋದರು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರು ಕೆಲಸ ಕಿತ್ತುಕೊಂಡರೆಂದು ಅಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆಮೇಲೆ ಗಲ್ಫ್. ಒಂದು ವಲಸೆಯ ದುಡ್ಡಿನಿಂದ ಇನ್ನೊಂದು ವಲಸೆಯ ಟಿಕೇಟು ಕೊಂಡು ಬೆಳೆದ ಊರುಗಳು ನಮ್ಮವು. ನಮ್ಮ ಎಷ್ಟೋ ಇಗರ್ಜಿಗಳ ನೆಲಕ್ಕೆ ಹಾಸಿದ ಕಲ್ಲು ಆ ದುಡ್ಡಿನದೇ.

‘ಹಾಗಾದರೆ ಗಡಿಯನ್ನೇ ತೆರೆದಿಡಬೇಕೇ? ದೇಶದ ಭದ್ರತೆಯ ಗತಿಯೇನು?’ ಎಂದು ಕೆಲವು ವಾಚಕರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಸುಳ್ಳು ದಾಖಲೆ ಮಾಡುವ ಜಾಲಗಳಿವೆ, ಮಾನವ ಸಾಗಣೆಯ ದಂಧೆಯಿದೆ, ಅವನ್ನು ಮಟ್ಟಹಾಕಲೇಬೇಕು. ಕಡಿಮೆ ಕೂಲಿಗೆ ದುಡಿಯುವ ಅಕ್ರಮ ಕೆಲಸಗಾರನಿಂದ ಸ್ಥಳೀಯ ಬಡವನ ಕೂಲಿಯೂ ಇಳಿಯಬಹುದೆಂಬ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕೂಲಿ ಇಳಿಯುವುದು ಆತ ಹೆದರಿರುವುದರಿಂದ. ಹೆದರಿದವನು ಕೊಟ್ಟಷ್ಟು ಪಡೆಯುತ್ತಾನೆ, ದೂರು ಕೊಡುವುದಿಲ್ಲ. ಮಾಲಿಕನಿಗೆ ಅನುಕೂಲವಾಗುವುದು ಆ ಹೆದರಿಕೆಯೇ. ಆದ್ದರಿಂದ ಹೆದರಿಕೆಯನ್ನು ಹೆಚ್ಚಿಸುವ ಕಾರ್ಯಾಚರಣೆಗಳು ಸ್ಥಳೀಯ ಕಾರ್ಮಿಕನಿಗೂ ಉಪಕಾರ ಮಾಡುವುದಿಲ್ಲ.

ಮಾಡಬಹುದಾದುದೇನು?

ಸರಕಾರ ಯಾವುದೇ ಇರಲಿ, ಅದರ ಕಾರ್ಯಾಚರಣೆಯನ್ನು ಮೂರು ಒರೆಗಲ್ಲುಗಳಿಗೆ ಹಚ್ಚಿ ನೋಡಬಹುದು. ಮೊದಲನೆಯದಾಗಿ, ಕಳುಹಿಸುವ ಮೊದಲು ಆತನ ಮಾತನ್ನು ಕೇಳಲಾಗಿದೆಯೇ? ಎರಡನೆಯದಾಗಿ, ಆತ ದುಡಿದ ಕೂಲಿ ಆತನ ಕೈ ಸೇರಿದೆಯೇ? ಗಡೀಪಾರಾದವನ ಬಾಕಿ ಸಂಬಳ ಮಾಲಿಕನ ಬಳಿಯೇ ಉಳಿಯುವುದಾದರೆ ಸರಕಾರವು ಆ ಮಾಲಿಕನ ಪರವಾಗಿ ಸಾಲ ಅಳಿಸಿಹಾಕಿದಂತೆಯೇ ಸರಿ. ಮೂರನೆಯದಾಗಿ, ಆತನಿಂದ ಲಾಭ ಪಡೆದವರನ್ನು ಆತನಿಗಿಂತ ಮೊದಲು ಹಿಡಿಯಲಾಗಿದೆಯೇ? ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬಗಳ ಹಕ್ಕುಗಳಿಗಾಗಿ ವಿಶ್ವಸಂಸ್ಥೆಯು 1990ರ ಡಿಸೆಂಬರ್ 18ರಂದು ಒಪ್ಪಂದವೊಂದನ್ನು ಅಂಗೀಕರಿಸಿತು. 2003ರಲ್ಲಿ ಅದು ಜಾರಿಗೆ ಬಂತು. ಗಲ್ಫ್ ರಾಷ್ಟ್ರಗಳು ಅದನ್ನು ಒಪ್ಪಿಲ್ಲ. ಜಗತ್ತಿಗೆ ಇಷ್ಟೊಂದು ದುಡಿಯುವ ಕೈಗಳನ್ನು ಕಳುಹಿಸುವ ನಮ್ಮ ಭಾರತವೂ ಒಪ್ಪಿಲ್ಲ.

ವಿದೇಶಕ್ಕೆ ಹೊರಡುವ ನಮ್ಮ ಯುವಕ ಯುವತಿಯರಿಗೆ ಒಂದು ಮಾತು. 1983ರ ವಲಸೆ ಕಾಯಿದೆಯ ಪ್ರಕಾರ ನೋಂದಾಯಿತ ಏಜೆಂಟರ ಮೂಲಕವೇ ಹೋಗಿರಿ. ಏಜೆಂಟನು ನೋಂದಾಯಿತನೇ ಎಂಬುದನ್ನು ಸರಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಯಾರೂ ನೋಡಬಹುದು. ಆತ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ‘ಪ್ರವಾಸಿ ಭಾರತೀಯ ಬೀಮಾ ಯೋಜನೆ’ಯಲ್ಲಿ ಅಲ್ಪ ಕಂತಿಗೆ 10 ಲಕ್ಷ ರೂಪಾಯಿಗಳ ಅಪಘಾತ ವಿಮೆ ದೊರೆಯುತ್ತದೆ. ಕರಾರುಪತ್ರದ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಿರಿ. ಪ್ರತಿಯೊಂದು ಧರ್ಮಕೇಂದ್ರದಲ್ಲಿ ಇಷ್ಟನ್ನು ತಿಳಿಸಿಹೇಳುವ ಒಬ್ಬರಾದರೂ ಇರಬೇಕು. ಆಶೀರ್ವಾದ ಪಡೆಯಲು ಬಂದವರೊಡನೆ ನಾನೀಗ ಸಂಬಳ ಎಷ್ಟೆಂದು ಕೇಳುವ ಮೊದಲು ವೀಸಾ ಯಾರದೆಂದು ಕೇಳುತ್ತೇನೆ. ಕೆಲವರಿಗೆ ಅದು ರುಚಿಸುವುದಿಲ್ಲ.

ಅಂತೆಯೇ ನಮ್ಮ ಇಗರ್ಜಿ, ಶಾಲೆ, ಆಸ್ಪತ್ರೆ, ಮನೆಗಳ ಕಟ್ಟಡ ಕೆಲಸದಲ್ಲಿ ದುಡಿಯುವ ಹೊರರಾಜ್ಯದವರ ಹೆಸರು, ಊರು, ಮನೆಯ ಫೋನ್ ಸಂಖ್ಯೆ ನಮ್ಮ ಬಳಿ ಇರಲಿ. ಅದು ಪೊಲೀಸರಿಗಾಗಿ ಅಲ್ಲ, ಅವರಿಗೇ ಏನಾದರೂ ಆದಲ್ಲಿ ಅವರ ತಾಯಂದಿರಿಗೆ ತಿಳಿಸುವುದಕ್ಕಾಗಿ. ಕೂಲಿಯನ್ನು ವಾರವಾರ ನಮ್ಮ ಕಣ್ಣೆದುರಿಗೆ ಬಟವಾಡೆ ಮಾಡಿಸೋಣ. ನಮ್ಮ ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಈ ಕುರಿತು ಚರ್ಚೆಯಾಯಿತು. ಕೆಲವರು ಇದು ಗುರುಗಳ ಕೆಲಸವಲ್ಲವೆಂದರು. ಕೊನೆಗೆ ಒಪ್ಪಿದರು. ಓಡಿಹೋದನೆನ್ನಲಾದ ಆ ಹುಡುಗನ ಎರಡು ವಾರಗಳ ಕೂಲಿಯನ್ನು ಅವನ ಊರಿನ ಗೆಳೆಯನ ಮೂಲಕ ಕಳುಹಿಸಿದೆವು. ತಲುಪಿತೆಂದು ಫೋನ್ ಬಂತು. ಅರ್ಧ ಹಣವನ್ನು ಕಂತ್ರಾಟುದಾರರೇ ಕೊಟ್ಟರು. ಹುಡುಗ ಮಾತ್ರ ಮರಳಿ ಬರಲಿಲ್ಲ.

ಇನ್ನು ಆ ತಾಯಿಯ ಮಗನ ವಿಷಯ. ಆತ 2013ರ ಅಕ್ಟೋಬರ್ ಕೊನೆಯ ವಾರದಲ್ಲಿ ಔಟ್‌ಪಾಸಿನ ಮೇಲೆ ಮುಂಬಯಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಊರು ಸೇರಿದ. ನವೆಂಬರ್ 2 ಮೃತರ ಸ್ಮರಣೆಯ ದಿನ. ಸಮಾಧಿಗಳನ್ನು ಆಶೀರ್ವದಿಸುತ್ತಾ ನಾನು ಅವರ ತಂದೆಯ ಸಮಾಧಿಯ ಬಳಿ ಬಂದಾಗ ಆತ ಮೊಂಬತ್ತಿ ಹಚ್ಚಿ ನಿಂತಿದ್ದ. ಮರುದಿನ ಸೌದಿಯ ಗಡುವು ಮುಗಿಯುವುದಿತ್ತು. "ತಡವಾಯಿತು ಫಾದರ್" ಎಂದ. ಅದು ಅವನು ಮಾಡಿದ ತಡವಲ್ಲವೆಂದು ಹೇಳಬೇಕೆನಿಸಿತು, ಮಾತು ಹೊರಡಲಿಲ್ಲ. ಪವಿತ್ರ ಜಲ ಚಿಮುಕಿಸಿ ಮುಂದಿನ ಸಮಾಧಿಗೆ ನಡೆದೆ. ಅಂದು ಹೇಳದೆ ಉಳಿದ ಮಾತನ್ನು ಇಂದು ಇಲ್ಲಿ ಬರೆದಿದ್ದೇನೆ.